ಕೋಟಿ ರೆಸಿಡೆನ್ಸಿ 1:100 – ಬೋದಿಗೆಗಳ ಗೋಳು

ಕೋಟಿ ರೆಸಿಡೆನ್ಸಿ ಕಟ್ಟಡದ ನೂರರಲ್ಲಿ ಒಂದು ಅಳತೆಯ ಮಾದರಿ ಮಾಡುತ್ತಿದ್ದೇನೆ. ಆರು ಕಂಬಗಳಲ್ಲಿ ಐದಕ್ಕೆ ಬೋದಿಗೆ, ಅಂದರೆ ಕಂಬದ ತಲೆಯ ಅಲಂಕಾರದ ಭಾಗ, ಕೂತಿತು. ಸರಿಯಾದ ದಿಕ್ಕಿಗೆ ಮುಖ ಮಾಡಿಯೇ ಕೂತಿತು. ಏಳು ವಾರ ಹಿಡಿಯಿತು.

ಗೋಡೆ, ಕಿಟಕಿ, ಮುಂದಿನ ಮೆಟ್ಟಿಲ ಸಾಲು ಎಲ್ಲ ಮಾಮೂಲಿ ಫೋಮ್ ಬೋರ್ಡ್, ಸ್ಟೈರೀನ್ ಪ್ಲಾಸ್ಟಿಕ್ ಕೆಲಸ. ಅದನ್ನು ಬರೆದು ನಿಮಗೆ ಬೋರ್ ಹೊಡೆಸುವುದಿಲ್ಲ. ಮೆಟ್ಟಿಲ ಪಕ್ಕದ ಎರಡು ಸಿಂಹಗಳ ಸುದ್ದಿ ಮಾತ್ರ ಈಗ ಕೇಳಬೇಡಿ. ಒಂದು ಬೆಕ್ಕಾಗಿದೆ, ಇನ್ನೊಂದು ಏನಾಗುತ್ತದೋ ನೋಡಬೇಕು.

ಹೈದರಾಬಾದಿನ ಈ ಕಟ್ಟಡ ನನ್ನನ್ನು ಹಿಡಿದದ್ದೇ ಅಳತೆಯ ಒಂದು ಕತೆಯಿಂದ. ನಿಜಾಮರ ದರ್ಬಾರಿನಲ್ಲಿ ಬ್ರಿಟಿಷ್ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಜಾಗ ಕೇಳಲು ದೊಡ್ಡ ನಕ್ಷೆ ಬರೆಸಿಕೊಂಡು ನಿಜಾಮರ ಮುಂದೆ ಹರಡಿದನಂತೆ. ನಿಜಾಮರು ಆಗುವುದಿಲ್ಲ ಅಂದರು. ಆಮೇಲೆ ದರ್ಬಾರಿನ ಮೀರ್ ಆಲಂ ನಕ್ಕು ಗುಟ್ಟು ಹೇಳಿದ: ಅವರ ಇಡೀ ರಾಜ್ಯದ ನಕ್ಷೆಯೇ ಅಷ್ಟು ದೊಡ್ಡದಿಲ್ಲ, ಹೆದರಿಬಿಟ್ಟರು. ಅದೇ ನಕ್ಷೆಯನ್ನು ಸಣ್ಣ ಕಾರ್ಡಿನ ಮೇಲೆ ಬರೆದು ತಂದಾಗ ತಕ್ಷಣ ಒಪ್ಪಿಗೆ ಸಿಕ್ಕಿತು. ಸ್ಕೇಲ್ ಬದಲಾಯಿಸಿ ಕೆಲಸ ಮಾಡಿಸಿಕೊಂಡವನು ನಮ್ಮ ಮಾದರಿ ಮಾಡುವವರ ಜಾತಿಯವನೇ, ಅಲ್ವಾ? ಸಾಲದ್ದಕ್ಕೆ ಅಲ್ಲಿನ ತೋಟದಲ್ಲಿ ಈ ಕಟ್ಟಡದ್ದೇ ಒಂದು ಪುಟ್ಟ ಮಾದರಿ ಇದೆ. ಅವನ ಹೆಂಡತಿ ಖೈರುನ್ನೀಸಾ ಪರದೆಯಲ್ಲಿದ್ದವಳು, ಅವಳೂ ನೋಡಲಿ ಅಂತ ಮಾಡಿಸಿದ್ದು ಅನ್ನುತ್ತಾರೆ.

ಸರಿ, ಬೋದಿಗೆಗೆ ಬರೋಣ. ಮದ್ರಾಸ್ ಎಂಜಿನಿಯರ್ಸ್‌ನ ಸ್ಯಾಮ್ಯುಯೆಲ್ ರಸೆಲ್, ಈ ಕಟ್ಟಡದ ವಿನ್ಯಾಸ ಮಾಡಿದವನು, ಮುಂಭಾಗಕ್ಕೆ ತಲೆಯಲ್ಲಿ ಎಲೆ ಅಲಂಕಾರವಿರುವ ಆರು ಕೊರಿಂಥಿಯನ್ ಕಂಬ ನಿಲ್ಲಿಸಿದ್ದಾನೆ. ಎಲೆಯಿಲ್ಲದ ಸಾದಾ ಡೋರಿಕ್ ಕಂಬ ಹಾಕಿದ್ದರೆ ಅವನ ಗಂಟೇನು ಹೋಗುತ್ತಿತ್ತು? ನನ್ನ ಅಳತೆಯಲ್ಲಿ ಬೋದಿಗೆಯ ಎತ್ತರ 14 ಮಿ.ಮೀ. ಅಷ್ಟರೊಳಗೆ ಅಕ್ಯಾಂಥಸ್ ಅನ್ನುವ ಗಿಡದ ಎಲೆ ಕೆಳಗೆ 8, ಮೇಲೆ 8, ನಾಲ್ಕು ಮೂಲೆಗೆ ಸುರುಳಿ.

ಮೊದಲು ರೆಸಿನ್, ಅಂದರೆ ಬೆಳಕಿಗೆ ಗಟ್ಟಿಯಾಗುವ ದ್ರವ, ಬಳಸಿ 3D ಪ್ರಿಂಟ್ ಮಾಡಿದೆ. ಬಂದದ್ದು ಹೂಕೋಸು. ರೆಸಿನ್ ಬಾಟಲಿ ತಳದಲ್ಲಿ ಹಳೇ ಬೆಲ್ಲದ ಥರ ಗಟ್ಟಿ ಕೂತಿತ್ತು. ಮಾರಿದವನಿಗೆ ಫೋನ್ ಮಾಡಿದರೆ "ಚೆನ್ನಾಗಿ ಅಲ್ಲಾಡಿಸಿ ಸಾರ್" ಅಂದ. ಅಲ್ಲಾಡಿಸಿದೆ. ನನ್ನ ಭುಜ ಹಿಡಿದುಕೊಂಡಿತು, ರೆಸಿನ್ ಹಾಗೇ ಇತ್ತು.

ಆಮೇಲೆ ಫೋಟೋಗಳನ್ನು ಮತ್ತೆ ದೊಡ್ಡದು ಮಾಡಿ ನೋಡುವಾಗ ತಲೆಗೆ ಹೊಳೆಯಿತು. ಅಸಲಿ ಕಂಬವೇ ಕಲ್ಲಲ್ಲ. ಒಳಗೆ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಗಾರೆಯವರು ಮೆತ್ತಿದ್ದನ್ನು ನಾನು ಕೆತ್ತಲು ಹೊರಟಿದ್ದೆ! ನಾನೂ ಮೆತ್ತುವುದು ಅಂತ ತೀರ್ಮಾನ ಮಾಡಿದೆ. ಪಾರ್ಸೆಲ್ ಬಿರಿಯಾನಿಯ ಅಲ್ಯೂಮಿನಿಯಂ ಡಬ್ಬಿ ಇದೆಯಲ್ಲ, ಅದರ ತಗಡು ಹೇಳಿ ಮಾಡಿಸಿದ ಹಾಗಿದೆ. ಮಾತ್ರೆ ಪಟ್ಟಿಯ ಹಾಳೆ ಹರಿಯುತ್ತದೆ, ಕೋಲಾ ಕ್ಯಾನ್ ಬಗ್ಗುವುದಿಲ್ಲ. ಎಲೆ ಕತ್ತರಿಸಿ, ಹಳೇ ಮೌಸ್ ಪ್ಯಾಡ್ ಮೇಲಿಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಹೊಟ್ಟೆ ಒತ್ತಿ, ಸೂಜಿಯಲ್ಲಿ ನರ ಎಳೆದರೆ ತುದಿ ತಾನಾಗೇ ಮುಂದಕ್ಕೆ ಬಾಗುತ್ತದೆ.

ಎರಡು ಬೋದಿಗೆ ಮುಗಿಸಿ ಖುಷಿಯಾಗಿ ಮಲಗಿದೆ. ಬೆಳಗ್ಗೆ ನೋಡಿದರೆ ಏನೋ ಸರಿಯಿಲ್ಲ. ಮೂಲೆಯ ಸುರುಳಿಗಳು ಗಾಳಿಯಲ್ಲಿ ನೇತಾಡುತ್ತಿವೆ. ಒಂದು ಗಂಟೆ ದಿಟ್ಟಿಸಿದ ಮೇಲೆ ಗೊತ್ತಾಯಿತು: ಮೇಲ್ಸಾಲಿನ ಎಲೆ ಪ್ರತಿ ಮುಖದ ನಡುವೆ ಒಂದು, ಪ್ರತಿ ಮೂಲೆಗೆ ಒಂದು ಬರಬೇಕು. ಕೆಳಸಾಲು ಅವುಗಳ ಸಂದಿಯಲ್ಲಿ. ನಾನು ಉಲ್ಟಾ ಹಾಕಿದ್ದೆ.

ಅಂಟು ಬಿಡಿಸಲು ಅಸಿಟೋನ್‌ನಲ್ಲಿ ಮುಳುಗಿಸಿದೆ. ಹೌದು, ಒಳಗಿದ್ದದ್ದು ಸ್ಟೈರೀನ್ ಕಡ್ಡಿ, ಅದೂ ಅಸಿಟೋನ್‌ಗೆ ಕರಗುತ್ತದೆ. ನಗಿ, ಪರವಾಗಿಲ್ಲ. ಹತ್ತು ನಿಮಿಷ ಬಿಟ್ಟು ಬಂದರೆ 32 ಎಲೆಗಳು ಬಿಳಿ ಅಂಬಲಿಯಲ್ಲಿ ತೇಲುತ್ತಿದ್ದವು.

ಈಗ ಒಳಗೆ ಬಿದಿರು ಕಡ್ಡಿ. ಮೊದಲು ಪೆನ್ಸಿಲ್‌ನಲ್ಲಿ ಎಂಟು ಗೆರೆ, ಆ ಗೆರೆಗಳ ಮೇಲೆ ಮೇಲ್ಸಾಲು, ಅದರ ಬುಡ ಮುಚ್ಚುವ ಹಾಗೆ ಕೆಳಸಾಲು, ಕೊನೆಗೆ ಸುರುಳಿ. ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರ್ ತೆಳ್ಳಗೆ ಮೂರು ಸಲ. ಒಂದೇ ಸಲ ದಪ್ಪಗೆ ಹೊಡೆದರೆ ನರಗಳೆಲ್ಲ ತುಂಬಿ ಮತ್ತೆ ಹೂಕೋಸು.

ಕಂಬಗಳ ಸಹವಾಸ ಸಾಕಾಗಿದೆ. ಅದಕ್ಕೇ ಮುಂದಿನದು ಮೈಸೂರಿನ ಗವರ್ನ್‌ಮೆಂಟ್ ಹೌಸ್. ಅದೂ ರೆಸಿಡೆಂಟ್ ಇದ್ದ ಮನೆಯೇ. ಎಂಜಿನಿಯರ್ ಡಿ ಹ್ಯಾವಿಲ್ಯಾಂಡ್ ಅದಕ್ಕೆ ಸೇರಿಸಿದ ದೊಡ್ಡ ಔತಣದ ಹಾಲ್ ಒಳಗೆ ಒಂದೇ ಒಂದು ಕಂಬ ಇಲ್ಲ! ಶ್ರೀರಂಗಪಟ್ಟಣದಲ್ಲಿ 100 ಅಡಿಗೂ ಜಾಸ್ತಿ ಅಗಲದ ಇಟ್ಟಿಗೆ ಕಮಾನು ಕಟ್ಟಿ ತೋರಿಸಿದವನೂ ಅವನೇ. ಆ ಕಮಾನು 1930ರ ದಶಕದಲ್ಲಿ ಬಿದ್ದುಹೋಯಿತು. ಅದನ್ನೂ ಪಕ್ಕದಲ್ಲಿ ಮಾಡುವ ಆಸೆ ಇದೆ. ಇಟ್ಟಿಗೆ ಒಂದೊಂದೇ ಜೋಡಿಸಬೇಕಾ, ಶೀಟ್ ಅಂಟಿಸಿದರೆ ಸಾಕಾ ಅಂತ ಈಗಲೇ ಲೆಕ್ಕ ಶುರುವಾಗಿದೆ.

ಆರನೇ ಬೋದಿಗೆಗೆ 16 ಎಲೆ ಬೇಕು, ಇರುವುದು 11. ಡಬ್ಬಿ ಖಾಲಿ. ಇವತ್ತು ರಾತ್ರಿ ಮತ್ತೆ ಬಿರಿಯಾನಿ ಅಂತ ಮನೆಯಲ್ಲಿ ಹೇಳಬೇಕು.