ರೆಕ್ಕೆ ಕಾಣುವ ಸೀಟು

ವಿಮಾನ ಹತ್ತಲು ಹೆದರಿಕೆ ಎಂದರೆ ಸಿಗುವ ಸಲಹೆ ಹೆಚ್ಚಾಗಿ ಒಂದೇ: ಕಿಟಕಿಯ ಬಳಿ ಕೂರಬೇಡ, ಹೊರಗೆ ನೋಡಬೇಡ. ನನ್ನ ಅಕ್ಕನೂ ಅದನ್ನೇ ಹೇಳಿದಳು. ಅವಳ ಮಟ್ಟಿಗೆ ಅದು ಸರಿ. ಅವಳದು ಎತ್ತರದ ಭಯ. ಕೆಳಗೆ ಕಣ್ಣು ಹಾಯಿಸದಿದ್ದರೆ ಎಷ್ಟೋ ಹಗುರಾಗುತ್ತಾಳೆ. ಇಕ್ಕಟ್ಟಿನಲ್ಲಿ ಉಸಿರು ಕಟ್ಟುವವರಿಗೆ ಓಡಾಡುವ ದಾರಿಯ ಪಕ್ಕದ ಸೀಟೇ ಬೇಕು, ಯಾರನ್ನೂ ಕೇಳದೆ ಎದ್ದು ನಿಲ್ಲಬಹುದು. ನನ್ನದು ಇವೆರಡೂ ಅಲ್ಲ. ಏನು ನಡೆಯುತ್ತಿದೆ ಎಂದು ಗೊತ್ತಾಗದಿರುವುದೇ ನನ್ನ ಭಯ. ಕಾಲಡಿಯಲ್ಲಿ ಧಡ್ ಎಂದು ಸದ್ದಾದರೆ ಅಂಗೈ ಬೆವರುತ್ತದೆ. ಇಂಥ ಮನಸ್ಸಿಗೆ ಕಣ್ಣು ಮುಚ್ಚಿಕೊಳ್ಳುವುದು ಔಷಧವಲ್ಲ.

ಆದ್ದರಿಂದ ಈ ಸಲದ ಪ್ರಯಾಣಕ್ಕೆ ಸೀಟುಗಳ ನಕ್ಷೆಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತೆ. ವಿಮಾನವನ್ನು ಬೆಳಗಿನದೇ ಆರಿಸಿದ್ದೆ. ಬಿಸಿಲೇರಿ ನೆಲ ಕಾದ ಮೇಲೆ ಬಿಸಿಗಾಳಿ ಮೇಲೇಳತೊಡಗುತ್ತದೆ, ಕೆಳಮಟ್ಟದಲ್ಲಿ ಕುಲುಕಾಟ ಹೆಚ್ಚುತ್ತದೆ. ಹಿಂದಿನ ಸಾಲುಗಳನ್ನು ಮೊದಲೇ ಬಿಟ್ಟೆ. ವಿಮಾನ ಮೂತಿ ಎತ್ತುವಾಗ, ಇಳಿಸುವಾಗ ತನ್ನ ಗುರುತ್ವ ಕೇಂದ್ರದ ಸುತ್ತ ತಿರುಗುತ್ತದೆ. ಆ ಕೇಂದ್ರ ಇರುವುದು ರೆಕ್ಕೆಗಳ ಹತ್ತಿರ. ಅಲ್ಲಿಂದ ದೂರ ಹೋದಷ್ಟೂ ಓಲಾಟ ಜಾಸ್ತಿ, ಬಾಲದ ಕಡೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಮುಂದಿನ ಸಾಲುಗಳಲ್ಲಿ ಎಂಜಿನ್ ಸದ್ದು ಕಡಿಮೆ, ಆದರೆ ಅಲ್ಲಿಂದ ರೆಕ್ಕೆ ಕಾಣುವುದಿಲ್ಲ. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲು ಚಾಚಲು ಜಾಗವಿದೆ. ಆದರೆ ಅಗತ್ಯ ಬಿದ್ದರೆ ಬಾಗಿಲು ತೆರೆಯಲು ಸಿದ್ಧರಿರುವವರು ಅಲ್ಲಿ ಕೂರಬೇಕು. ಆ ಹೊಣೆ ಗಟ್ಟಿ ಮನಸ್ಸಿನವರದು. ಕೊನೆಗೆ ರೆಕ್ಕೆಯ ಹಿಂಬದಿ ಅಂಚು ಕಾಣುವ ಕಿಟಕಿಯನ್ನು ಹಿಡಿದೆ. ಕೆಲವು ಸಾಲುಗಳಲ್ಲಿ ಕಿಟಕಿಯ ಸೀಟು ಎಂದಿದ್ದರೂ ಪಕ್ಕದಲ್ಲಿ ಬರೀ ಗೋಡೆ ಇರುತ್ತದೆ, ಅದನ್ನೂ ನೋಡಿಕೊಂಡೆ.

ನಾನು ಕುಳಿತ ಮೇಲೆ ಹಿರಿಯರೊಬ್ಬರು ಬಂದು, "ಹಿಂದೆ ನನ್ನ ಸೀಟಿದೆ, ನೀವು ಅಲ್ಲಿಗೆ ಹೋದರೆ ನಾವಿಬ್ಬರೂ ಒಟ್ಟಿಗೆ ಕೂರುತ್ತೇವೆ" ಎಂದರು. ಅವರ ಹೆಂಡತಿಯದು ನನ್ನ ಪಕ್ಕದ ಸೀಟು. ಹಿರಿಯರು ಕೇಳಿದಾಗ ಇಲ್ಲ ಎನ್ನುವುದು ನನಗೆ ಕಷ್ಟ. ಆದರೂ ಹೇಳಿದೆ: "ಕ್ಷಮಿಸಿ, ನನಗೆ ವಿಮಾನವೆಂದರೆ ಭಯ. ರೆಕ್ಕೆ ಕಾಣಲೆಂದೇ ಈ ಸೀಟು ತೆಗೆದುಕೊಂಡಿದ್ದೇನೆ." ಅವರು ಬೇಸರಪಡಲಿಲ್ಲ. ದಾರಿ ಪಕ್ಕದಲ್ಲಿದ್ದ ಯುವಕ ತಾನೇ ಎದ್ದು ಹಿಂದೆ ಹೋದ. ಭಯವನ್ನು ಬಾಯಿಬಿಟ್ಟು ಹೇಳಿದ್ದರಿಂದಲೇ ಎದೆಬಡಿತ ಸ್ವಲ್ಪ ಇಳಿದಂತಾಯಿತು.

ನೆಲ ಬಿಟ್ಟೊಡನೆ ಧಡ್ ಎಂದಿತು: ಚಕ್ರಗಳು ಒಳಗೆ ಸೇರಿದವು. ಸ್ವಲ್ಪ ಮೇಲೇರುವಷ್ಟರಲ್ಲಿ ಎಂಜಿನ್ ದನಿ ಇಳಿಯಿತು. ನಾನು ಅತಿ ಹೆಚ್ಚು ಹೆದರುವ ಗಳಿಗೆ ಅದು. ನೆಲದಿಂದ ಏಳುವಾಗ ಬೇಕಾದಷ್ಟು ಬಲ ಆಮೇಲೆ ಬೇಕಿಲ್ಲವಾದ್ದರಿಂದ ಅದನ್ನು ತಗ್ಗಿಸುತ್ತಾರೆ. ವೇಗ ಹೆಚ್ಚುವ ರಭಸ ಕಡಿಮೆಯಾಗುತ್ತಲೇ ಒಳಗಿವಿ ಅದನ್ನು ಬೀಳುವುದೆಂದು ತಿಳಿಯುತ್ತದೆ. ಇದನ್ನು ಓದಿ ತಿಳಿದಿದ್ದೆ. ಆದರೆ ಓದಿದ್ದು ಹೊಟ್ಟೆಯೊಳಗಿನ ಕಳವಳವನ್ನು ತಡೆಯುವುದಿಲ್ಲ. ತಡೆದದ್ದು ಕಿಟಕಿ. ರೆಕ್ಕೆ ಇದ್ದಲ್ಲೇ ಇತ್ತು, ನೆಲ ಇನ್ನೂ ದೂರವಾಗುತ್ತಲೇ ಇತ್ತು. ಗುಂಯ್ ಎಂಬ ಸದ್ದು ಬಂದಾಗ ರೆಕ್ಕೆಯ ಹಿಂದೆ ಚಾಚಿಕೊಂಡಿದ್ದ ಹಲಗೆಗಳು, ಅಂದರೆ ಫ್ಲಾಪ್‌ಗಳು ಮೆಲ್ಲಗೆ ಒಳಸರಿಯುವುದನ್ನು ಕಣ್ಣಾರೆ ಕಂಡೆ. ಸದ್ದಿಗೆ ಒಂದು ಮೂಲ ಸಿಕ್ಕಿತು.

ಮೋಡಗಳ ನಡುವೆ ಕುಲುಕಾಟ ಶುರುವಾದಾಗ ರೆಕ್ಕೆಯ ತುದಿ ಮೇಲೆ ಕೆಳಗೆ ಬಾಗುತ್ತಿತ್ತು. ಪಕ್ಕದ ತಾಯಿ ನನ್ನ ತೋಳು ಹಿಡಿದು, "ಅದು ಹಾಗೆ ಬಾಗಬಹುದೇ?" ಎಂದು ಕೇಳಿದರು. ಬಾಗಲೇಬೇಕು ಎಂದೆ. ಹಾರಾಟದಲ್ಲಿ ನಿರೀಕ್ಷಿಸುವ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ತಾಳುವಂತೆ ರೆಕ್ಕೆಯನ್ನು ಕಟ್ಟುತ್ತಾರೆ. ಬೋಯಿಂಗ್ 787ರ ರೆಕ್ಕೆಯನ್ನು 2010ರ ಪರೀಕ್ಷೆಯಲ್ಲಿ ಸುಮಾರು 25 ಅಡಿ ಮೇಲಕ್ಕೆ ಬಾಗಿಸಿದ್ದರು. ಅವರಿಗೆ ವಿವರಿಸುತ್ತಾ ನನ್ನ ದನಿಯೂ ನೆಲೆಗೆ ಬಂತು. ಸೊಂಟದ ಪಟ್ಟಿ ಬಿಗಿ ಮಾಡಿಕೊಳ್ಳಿ ಎಂದೂ ಹೇಳಿದೆ. ಕುಲುಕಾಟದಲ್ಲಿ ಪೆಟ್ಟು ತಿನ್ನುವವರು ಹೆಚ್ಚಾಗಿ ಪಟ್ಟಿ ಕಟ್ಟದವರು. ನಾನಂತೂ ಪಟ್ಟಿ ಕಟ್ಟಿಕೊಳ್ಳಿ ಎನ್ನುವ ದೀಪ ಆರಿದರೂ ಅದನ್ನು ಬಿಚ್ಚುವುದಿಲ್ಲ.

ಇಳಿದು ಚಕ್ರ ನೆಲ ಮುಟ್ಟಿದಾಗ ರೆಕ್ಕೆಯ ಮೇಲಿನ ಹಲಗೆಗಳು ಒಮ್ಮೆಲೇ ಎದ್ದು ನಿಂತವು. ನಾನು ಬಾಯಿ ತೆರೆಯುವ ಮೊದಲೇ ಆ ತಾಯಿ, "ಇದು ಓಟ ತಗ್ಗಿಸಲಿಕ್ಕಲ್ಲವೇ?" ಎಂದರು. ಹೌದು, ರೆಕ್ಕೆಯ ಎತ್ತುವ ಬಲವನ್ನು ಮುರಿದು ಭಾರವನ್ನು ಚಕ್ರಗಳ ಮೇಲೆ ಹಾಕಲಿಕ್ಕೂ ಕೂಡ.

ಮರಳುವ ವಿಮಾನ ರಾತ್ರಿಯದು. ಕತ್ತಲಲ್ಲಿ ಫ್ಲಾಪ್‌ಗಳು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಅದಕ್ಕೆ ಸದ್ದು ಕಡಿಮೆಯಿರುವ ಮುಂದಿನ ಸಾಲಿನಲ್ಲಿ, ದಾರಿ ಪಕ್ಕದ ಸೀಟನ್ನು ತೆಗೆದುಕೊಂಡಿದ್ದೇನೆ.