ಅಜ್ಜಿಯ ಹಿಂದೆ ನಡೆದ ಭಾನುವಾರ

ಟ್ಯೂಷನ್ ಮುಗಿಸಿ ಸೈಕಲ್‌ನಲ್ಲಿ ಬರುತ್ತಿದ್ದ ಹುಡುಗನಿಗೆ ನಮ್ಮ ಕ್ರಾಸಿನ ಮೂಲೆಯಲ್ಲಿ ಸ್ಕೂಟರ್ ಗುದ್ದಿತು. ಮೊಣಕೈ ತರಚಿತು, ಸೈಕಲ್ಲಿನ ಮುಂದಿನ ಚಕ್ರ ಸೊಟ್ಟಗಾಯಿತು, ಪುಣ್ಯಕ್ಕೆ ಅಷ್ಟೇ. ಆದರೆ ಆ ಸದ್ದಿಗೆ ಬೀದಿಯ ಗೇಟುಗಳೆಲ್ಲ ತೆರೆದವು. ಮೈಸೂರಿನ ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಗಣೇಶನ ಹಬ್ಬ ಬಿಟ್ಟರೆ ಅಷ್ಟು ಜನ ಒಟ್ಟಿಗೆ ಹೊರಗೆ ನಿಲ್ಲುವುದು ಅಪರೂಪ. ಎಲ್ಲರ ಬಾಯಲ್ಲೂ ಒಂದೇ ಮಾತು: "ಇಲ್ಲೊಂದು ಹಂಪ್ ಹಾಕಿಸ್ಬೇಕು."

ಮೂಲೆ ಮನೆಯಲ್ಲಿ ರಿಟೈರ್ಡ್ ಎಂಜಿನಿಯರ್ ಒಬ್ಬರಿದ್ದಾರೆ. ರಸ್ತೆ ಕೆಲಸದಲ್ಲೇ ತಲೆ ನರೆತವರು. ಅವರು ಮಾತ್ರ ತಲೆ ಆಡಿಸಲಿಲ್ಲ. "ಹಾಕಿಸೋದು ದೊಡ್ಡ ವಿಷಯ ಅಲ್ಲ, ಸರಿಯಾಗಿ ಹಾಕಿಸೋದು ಕಷ್ಟ" ಎಂದರು. ದೇಶದ ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕದ ಪ್ರಕಾರ, ಗಾಡಿ ಸಾಗುವ ದಿಕ್ಕಿನಲ್ಲಿ ಹಂಪ್‌ನ ಅಗಲ 3.7 ಮೀಟರ್, ಎತ್ತರ ಬರೀ 10 ಸೆಂಟಿಮೀಟರ್ ಅಂತೆ. ಗಾಡಿ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಮೆತ್ತಗೆ ಹತ್ತಿ ಇಳಿಯಬೇಕು. ಬೀದಿ ಬೀದಿಯಲ್ಲಿ ಸುರಿದಿರುವ ಡಾಂಬರಿನ ಗುಡ್ಡೆ ಹಂಪ್ ಅಲ್ಲ. ಅದರ ಮೇಲೆ ಆಟೋದಲ್ಲಿ ಹೋಗುವ ಗರ್ಭಿಣಿಗೆ, ಸೊಂಟ ನೋವಿನವರಿಗೆ ಕಷ್ಟ. ಬೈಕಿನವರು ಅದನ್ನು ತಪ್ಪಿಸಲು ಚರಂಡಿ ಪಕ್ಕದ ಸಂದಿಗೆ ನುಗ್ಗುತ್ತಾರೆ. ನಡೆಯುವವರು ಇರುವುದು ಅದೇ ಸಂದಿಯಲ್ಲಿ, ಅಲ್ವಾ?

ಆಗ ಎದುರು ಮನೆ ಅಜ್ಜಿ ಗೇಟು ಹಿಡಿದುಕೊಂಡೇ ಹೇಳಿದರು: "ನಂಗೆ ಹಂಪ್ ಗಿಂಪ್ ಏನೂ ಬೇಡ ಕಣ್ರಪ್ಪ. ಕಾಲಿಡೋಕೆ ಜಾಗ ಮಾಡ್ಕೊಡಿ ಸಾಕು."

ಅಜ್ಜಿಗೆ ಎಂಬತ್ತರ ಆಸುಪಾಸು. ಮೊದಲೆಲ್ಲ ಬೆಳಗ್ಗೆ ಹಾಲಿನ ಬೂತ್, ಸಂಜೆ ದೇವಸ್ಥಾನ, ನಡುವೆ ದಾರಿಯಲ್ಲಿ ಸಿಕ್ಕವರ ಜೊತೆ ಮಾತು. ಈಚೆಗೆ ಎರಡೂ ನಿಂತಿತ್ತು. ವಯಸ್ಸಾಯಿತು, ಮನೆಯಲ್ಲೇ ಇರುತ್ತಾರೆ ಎಂದು ಬೀದಿಯವರೆಲ್ಲ ಅಂದುಕೊಂಡಿದ್ದರು. ನಿಂತದ್ದು ವಯಸ್ಸಿನಿಂದ ಅಲ್ಲ, ಬೀದಿಯಿಂದ ಎಂದು ಆ ದಿನ ತಿಳಿಯಿತು. ಭಾನುವಾರ ಬೆಳಗ್ಗೆ ಅವರ ಹಿಂದೆಯೇ ನಡೆದು ನೋಡೋಣ ಎಂದು ನಾನೇ ಕೇಳಿದೆ. "ಬಾರಮ್ಮ, ನೀವೆಲ್ಲ ಬಂದ್ರೆ ನಂಗೂ ಧೈರ್ಯ" ಎಂದರು.

ಹೊರಟವರು ನಾವು ಕೆಲವೇ ಜನ. ಎಂಜಿನಿಯರ್ ಕೈಯಲ್ಲಿ ಟೇಪು, ನನ್ನ ಕೈಯಲ್ಲಿ ನೋಟ್‌ಬುಕ್, ಪಿಜಿಯಲ್ಲಿರುವ ಇಬ್ಬರು ಹುಡುಗಿಯರ ಕೈಯಲ್ಲಿ ಸೀಮೆಸುಣ್ಣ. ಒಂದೇ ಒಂದು ನಿಯಮ ಇಟ್ಟುಕೊಂಡೆವು. ಅಜ್ಜಿಗೆ ದಾರಿ ತೋರಿಸಬಾರದು, ಕೈ ಹಿಡಿಯಬಾರದು. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಾವು ನಿಲ್ಲಬೇಕು, ಯಾಕೆ ನಿಂತರು ಎಂದು ಬರೆದುಕೊಳ್ಳಬೇಕು.

ಅವರು ಮೊದಲು ನಿಂತದ್ದು ತಮ್ಮದೇ ಗೇಟಿನ ಮುಂದೆ. ಫುಟ್‌ಪಾತ್ ಎಂದರೆ ನಮ್ಮಲ್ಲಿ ಚರಂಡಿ ಮೇಲಿನ ಚಪ್ಪಡಿ ಕಲ್ಲು. ಅದರ ಅಂಚು ರಸ್ತೆಯಿಂದ ಒಂದಡಿಗಿಂತ ಜಾಸ್ತಿ ಎತ್ತರ. ಡಾಂಬರು ಕಿತ್ತು, ಹಾಕಿ, ಮತ್ತೆ ಕಿತ್ತು ಕೆಲವು ಕಡೆ ಮೊಣಕಾಲಿನ ಹತ್ತಿರ ಬರುತ್ತದೆ. "15 ಸೆಂಟಿಮೀಟರ್ ಮೀರಬಾರದು" ಎಂದು ಎಂಜಿನಿಯರ್ ಟೇಪು ಹಿಡಿದು ತೋರಿಸಿದರು. ಅಂದರೆ ಅರ್ಧ ಅಡಿ. ಮೊಣಕಾಲು ಸವೆದವರಿಗೆ ಉಳಿದ ಅರ್ಧ ಅಡಿಯೇ ಬೆಟ್ಟ. ಕಷ್ಟಪಟ್ಟು ಹತ್ತಿದರೂ ಪಕ್ಕದ ಗೇಟಿನ ಹತ್ತಿರ ಮತ್ತೆ ಇಳಿಯಬೇಕು, ಯಾಕೆಂದರೆ ಅಲ್ಲಿ ಕಾರು ಹತ್ತಿಸಲು ರ‍್ಯಾಂಪ್ ಇದೆ. ಅದರ ಆಚೆ ಒಂದು ಜನರೇಟರ್, ಮುಂದಿನ ಮನೆಯಲ್ಲಿ ಹೂಕುಂಡಗಳ ಸಾಲು, ಆಮೇಲೆ ಜಾಲರಿ ಬೇಲಿ ಹಾಕಿ ಬೆಳೆಸಿದ ಪುಟ್ಟ ತೋಟ. ಅಜ್ಜಿ ಒಂದು ನಿಮಿಷ ನೋಡಿ, ಸುಮ್ನೆ ರಸ್ತೆಗಿಳಿದು ನಡೆದರು. ನಾವೂ ಇಳಿದೆವು.

ಈ ಫುಟ್‌ಪಾತನ್ನು ಹೊರಗಿನವರು ಯಾರೂ ಬಂದು ಕಿತ್ತುಕೊಂಡಿಲ್ಲ. ತಳ್ಳುಗಾಡಿಯವರನ್ನು ಬೈಯುವುದು ಸುಲಭ. ನಮ್ಮ ಬೀದಿಯಲ್ಲಿ ಇರುವುದು ಒಬ್ಬ ಸೊಪ್ಪಿನ ಗಾಡಿಯವರು, ಅವರೂ ಬೆಳಗ್ಗೆ ಬಂದು ಹೋಗುತ್ತಾರೆ. ದಾರಿ ಹೋದದ್ದು ಗೇಟಿನಿಂದ ಗೇಟಿಗೆ, ಒಂದೊಂದು ಮನೆಯ ಅನುಕೂಲಕ್ಕೆ. ಇದನ್ನು ನಾನು ಸಿಟ್ಟಿನಿಂದ ಬರೆಯುತ್ತಿಲ್ಲ. ಆ ತೋಟದ ಪಾರಿಜಾತ ಚೆಂದ, ನನಗೂ ಇಷ್ಟ. ಆದರೆ ಅದಕ್ಕೋಸ್ಕರ ಒಬ್ಬರು ದೇವಸ್ಥಾನ ಬಿಡಬೇಕಾಗಿ ಬಂದರೆ ಅದು ದುಬಾರಿ ಹೂವು.

ಜಾಸ್ತಿ ಹೊತ್ತು ನಿಂತದ್ದು ಮೂಲೆಯಲ್ಲಿ, ಹುಡುಗ ಬಿದ್ದ ಜಾಗದಲ್ಲೇ. ತಿರುವಿಗೆ ಒತ್ತಿಕೊಂಡು ಒಂದು ಕಾರು ನಿಂತಿತ್ತು, ಮೇಲೆ ಬೂದು ಹೊದಿಕೆ. ಅಜ್ಜಿ ಬಗ್ಗಿದರು, ಕುತ್ತಿಗೆ ಚಾಚಿದರು, ಏನೂ ಕಾಣಲಿಲ್ಲ. ನಾನು ಅವರ ಎತ್ತರಕ್ಕೆ ಬಗ್ಗಿ ನೋಡಿದೆ. ನನಗೂ ಕಾಣಲಿಲ್ಲ. ರಸ್ತೆಯ ನಡುವಿನ ತನಕ ಬಂದರೆ ಮಾತ್ರ ಆ ಕಡೆಯಿಂದ ಬರುವ ಗಾಡಿ ಕಾಣುತ್ತದೆ. ಹುಡುಗನೂ ಹಾಗೆ ನಡುವಿಗೆ ಬಂದಾಗಲೇ ಗುದ್ದು ಬಿದ್ದದ್ದು.

ಎಂಜಿನಿಯರ್ ಅಲ್ಲೇ ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದರು. 30 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ 8 ಮೀಟರಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ. 50ರಲ್ಲಿ 14 ಮೀಟರಿನ ಹತ್ತಿರ. ಯಾರೋ ಅಡ್ಡ ಬಂದರು ಎಂದು ಕಣ್ಣಿಗೆ ಬಿದ್ದು ಕೈ ಬ್ರೇಕ್ ಒತ್ತುವ ಹೊತ್ತಿಗೆ ಆ ಸೆಕೆಂಡು ಮುಗಿದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆಯ ಸಮ್ಮೇಳನದಲ್ಲಿ, ಜನ ಮತ್ತು ಗಾಡಿ ಬೆರೆಯುವ ಕಡೆ 30ಕ್ಕಿಂತ ಜಾಸ್ತಿ ವೇಗ ಬೇಡ ಎಂದು ಘೋಷಿಸಿದ್ದು ಇದಕ್ಕೇ ಎಂದರು. ಆಮೇಲೆ ಎಂಟು ಮೀಟರ್ ಅಳೆದು ಗೆರೆ ಎಳೆದರು. ಗೆರೆಯ ಮೇಲೆ ನಿಂತರೆ ಮೂಲೆಯಲ್ಲಿದ್ದ ಅಜ್ಜಿ ಕಾರಿನ ಹಿಂದೆ ಪೂರ್ತಿ ಮರೆ. ಕಾರಿನ ಯಜಮಾನರು ಸದ್ದು ಕೇಳಿ ಹೊರಗೆ ಬಂದಿದ್ದರು. ಅವರನ್ನೂ ಗೆರೆಯ ಮೇಲೆ ನಿಲ್ಲಿಸಿದೆವು. ಅವರು ವಾದ ಮಾಡಲಿಲ್ಲ. ಒಳಗೆ ಹೋಗಿ ಕೀ ತಂದು ಕಾರನ್ನು ಹಿಂದಕ್ಕೆ ತೆಗೆದರು. ಒಂದು ಕಾರಿನ ಉದ್ದ ಖಾಲಿಯಾಯಿತು, ಮೂಲೆ ತೆರೆದುಕೊಂಡಿತು. ಒಂದು ರೂಪಾಯಿ ಖರ್ಚಿಲ್ಲ.

ತೋಟದ ಮನೆಯಲ್ಲಿ ಮಾತ್ರ ಇಷ್ಟು ಸಲೀಸಾಗಲಿಲ್ಲ. "ಇಷ್ಟು ವರ್ಷ ಸಾಕಿದ ಗಿಡ ಕೀಳಿ ಅಂದ್ರೆ ಹೇಗಮ್ಮ?" ಎಂದು ಆ ಮನೆಯ ಯಜಮಾನರು ನನ್ನನ್ನೇ ಕೇಳಿದರು. ಅವರ ನೋವು ನಿಜವಾದದ್ದು. ಮೇಷ್ಟ್ರಾಗಿದ್ದವರೊಬ್ಬರು 2025ರ ಮೇ ತಿಂಗಳ ಸುಪ್ರೀಂ ಕೋರ್ಟಿನ ಮಾತನ್ನು ನೆನಪಿಸಿದರು: ಅಡ್ಡಿಯಿಲ್ಲದ ಫುಟ್‌ಪಾತ್ ನಡೆಯುವವರ ಹಕ್ಕು, ಸಂವಿಧಾನದ 21ನೇ ವಿಧಿಯಲ್ಲೇ ಸೇರಿದೆ. ಕೋರ್ಟಿನ ಮಾತು ಆಡಿದ್ದಕ್ಕೆ ಯಜಮಾನರ ಮುಖ ಇನ್ನೂ ಬಿಗಿಯಾಯಿತು. ಕೊನೆಗೆ ದಾರಿ ತೆಗೆದದ್ದು ಅಜ್ಜಿಯೇ. "ಗಿಡ ಇರ್ಲಿ ಕಣಪ್ಪ. ಬೇಲಿ ಒಂದು ಮೊಳ ಒಳಕ್ಕೆ ಹಾಕು. ನಾನು ಬಂದಾಗ ಹೂ ಕೇಳ್ತೀನಿ" ಎಂದರು. ಮುಂದಿನ ವಾರ ಬೇಲಿ ಒಳಗೆ ಸರಿಯಿತು. ಪಾರಿಜಾತ ಅಲ್ಲೇ ಇದೆ.

ಬೆಳಗ್ಗೆ ನೋಡಿದ್ದು ಅರ್ಧ ಬೀದಿ ಮಾತ್ರ, ಕತ್ತಲಾದ ಮೇಲೆ ಇನ್ನೊಂದು ಸಲ ನಡೆಯಬೇಕು ಎಂದು ಪಿಜಿ ಹುಡುಗಿಯರು ಹಟ ಹಿಡಿದರು. ಅವರು ಹೇಳಿದ್ದು ಸರಿಯಾಗಿತ್ತು. ಕಂಬದಲ್ಲಿ ದೀಪ ಇದೆ, ಉರಿಯುತ್ತಲೂ ಇದೆ. ಆದರೆ ಹೊಂಗೆ ಮರದ ಕೊಂಬೆ ಅದರ ಕೆಳಗೆ ಹರಡಿಕೊಂಡಿದೆ. ಬೆಳಕು ಎಲೆಗಳ ಮೇಲೆ, ಕತ್ತಲು ನಮ್ಮ ಮೇಲೆ. ದೀಪ ಇದೆಯಾ ಎಂದು ಲೆಕ್ಕ ಹಾಕಿದರೆ ನಮ್ಮ ಬೀದಿಗೆ ಕೊರತೆಯೇ ಇಲ್ಲ. ನಡೆಯುವವರ ಕಾಲ ಬಳಿ ಬೆಳಕು ಬೀಳುತ್ತಾ ಎಂದು ಯಾರೂ ನೋಡುವುದಿಲ್ಲ. 1908ರಲ್ಲೇ ಕರೆಂಟಿನ ದೀಪ ಕಂಡ ಊರು ನಮ್ಮದು. ದಸರಾದಲ್ಲಿ ಸರ್ಕಲ್ ಸರ್ಕಲ್‌ಗೂ ದೀಪ. ಅದೇ ಊರಿನ ಒಳಬೀದಿಯಲ್ಲಿ ಹೆಣ್ಣುಮಕ್ಕಳು ಫೋನಿನ ಟಾರ್ಚ್ ಹಿಡಿದು ನಡೆಯುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ.

ಆಮೇಲೆ ಹುಡುಗಿಯರು ಕನ್ಸರ್ವೆನ್ಸಿ ಓಣಿಯ ಬಾಯಿಗೆ ಕರೆದುಕೊಂಡು ಹೋದರು. ಹಳೆ ಮೈಸೂರಿನ ಬಡಾವಣೆಗಳಲ್ಲಿ ಮನೆಗಳ ಹಿತ್ತಲಿಗೆ ಹೊಂದಿಕೊಂಡು ಈ ಓಣಿಗಳಿವೆ. ಪ್ಲೇಗು ಬಂದು ಜನ ತತ್ತರಿಸಿದ ಕಾಲದ ನಂತರ, 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ದೇಶದಲ್ಲೇ ಮೊದಮೊದಲ ಅಂಥ ಸಂಸ್ಥೆಗಳಲ್ಲಿ ಒಂದು. ನೇರ ರಸ್ತೆ, ಗಾಳಿ ಬೆಳಕು, ಚರಂಡಿ, ಹಿಂದೆ ಕನ್ಸರ್ವೆನ್ಸಿ. ಹಿತ್ತಲ ಕಕ್ಕಸಿನಿಂದ ಮಲ ಸಾಗಿಸುವವರು ಓಡಾಡಲು ಮಾಡಿದ ದಾರಿ ಅದು. ಆ ಅಮಾನುಷ ಕೆಲಸ ಮಾಡಿದವರ ಬೆವರು ಆ ಓಣಿಯಲ್ಲಿದೆ, ಅದನ್ನು ಮರೆಯಬಾರದು. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಬಂದ ಮೇಲೆ ಓಣಿಗೆ ಕೆಲಸ ಹೋಯಿತು. ಈಗ ಒಡೆದ ಕಮೋಡು, ಮುರಿದ ಹಲಗೆ, ಹಳೆ ಬೈಕು, ರಾತ್ರಿ ಕುಡಿಯುವವರು.

ಪಿಜಿಯಿಂದ ಬಸ್ ಸ್ಟಾಪಿಗೆ ಅದೇ ಹತ್ತಿರದ ದಾರಿ. ಆದರೂ ಆ ಹುಡುಗಿಯರು ದೊಡ್ಡ ರಸ್ತೆ ಸುತ್ತಿಕೊಂಡು ಹೋಗುತ್ತಾರೆ. "ಆಂಟಿ, ಇಲ್ಲಿ ಏನಾದ್ರೂ ಆದ್ರೆ ಯಾವ ಮನೆ ಕಿಟಕಿಯೂ ಈ ಕಡೆ ಇಲ್ಲ" ಎಂದಳು ಒಬ್ಬಳು. ತಲೆ ಎತ್ತಿ ನೋಡಿದೆ. ಎರಡೂ ಕಡೆ ಎತ್ತರದ ಕಾಂಪೌಂಡ್, ಮೇಲೆ ಗಾಜಿನ ಚೂರು. ನಾವೆಲ್ಲ ಬೆನ್ನು ಹಾಕಿ ಕೂತಿದ್ದೇವೆ. ಓಣಿ ಕಡೆಯ ಗೋಡೆಗೆ ಒಂದು ಬಲ್ಬ್ ಹಾಕುತ್ತೇವೆ ಎಂದು ಮೂರು ಮನೆಯವರು ಅಲ್ಲೇ ಒಪ್ಪಿಕೊಂಡರು. ಒಂದು ಮನೆಯವರು ಬೀಗ ಹಾಕಿದ್ದ ಹಿತ್ತಲ ಬಾಗಿಲನ್ನು ಬಳಸಲು ಶುರು ಮಾಡಿದ್ದಾರೆ. ಅದು ನನಗೆ ಕ್ಯಾಮೆರಾಗಿಂತ ದೊಡ್ಡ ಭರವಸೆ. ಕ್ಯಾಮೆರಾ ನಡೆದದ್ದನ್ನು ಆಮೇಲೆ ತೋರಿಸುತ್ತದೆ. ಬಾಗಿಲು ತೆರೆದು ಆಚೆ ಬರುವ ಮನುಷ್ಯ ಇದ್ದರೆ ಕೆಡುಕು ಮಾಡುವವನೇ ಹಿಂಜರಿಯುತ್ತಾನೆ.

ಆಗದೆ ಉಳಿದದ್ದೂ ಇದೆ. ಚಪ್ಪಡಿ ಎತ್ತರ ಇಳಿಸುವುದು, ರ‍್ಯಾಂಪ್‌ಗಳನ್ನು ಸರಿ ಮಾಡುವುದು ನಮ್ಮ ಕೈಯಲ್ಲಿಲ್ಲ. ಅಳತೆ, ಫೋಟೋ ಸಮೇತ ಅರ್ಜಿ ಕೊಟ್ಟಿದ್ದೇವೆ. ಕೊಂಬೆ ಸವರಿಸಲು ಬೇರೆ ಅರ್ಜಿ. ಮರವನ್ನು ಬುಡದಿಂದ ಕಡಿಯಬಾರದು, ದೀಪದ ಕೆಳಗಿನ ಕೊಂಬೆ ಮಾತ್ರ ಎಂದು ಅಡಿಗೆರೆ ಎಳೆದು ಬರೆದೆ. ಹಂಪ್ ಬೇಕು ಎನ್ನುವವರು ಈಗಲೂ ಇದ್ದಾರೆ. ಬೇಕಾದರೆ ಹಾಕಲಿ, ಆದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ್ದು, ಬಿಳಿ ಪಟ್ಟೆ ಬಳಿದದ್ದು ಎಂದು ಅರ್ಜಿಯಲ್ಲೇ ಸೇರಿಸಿದ್ದೇವೆ.

ಅಜ್ಜಿ ಹಾಲಿನ ಬೂತ್ ತನಕ ಮತ್ತೆ ಹೋಗುತ್ತಿದ್ದಾರೆ. ದೇವಸ್ಥಾನಕ್ಕೆ ಇನ್ನೂ ಇಲ್ಲ, ದಾರಿಯಲ್ಲಿ ಒಂದು ದೊಡ್ಡ ರಸ್ತೆ ದಾಟಬೇಕು, ಅಲ್ಲಿ ಜೀಬ್ರಾ ಪಟ್ಟೆ ಅಳಿಸಿಹೋಗಿದೆ. ಬರುವ ಭಾನುವಾರ ಆ ರಸ್ತೆಯ ಹತ್ತಿರ ನಿಲ್ಲುತ್ತೇವೆ. ಪಕ್ಕದ ಕ್ರಾಸಿನವರೂ ಬರುತ್ತೇವೆ ಎಂದಿದ್ದಾರೆ, ತಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ ಎಂದು ಹೇಳಿದ್ದೇನೆ.