ನೀರು ಬೇಡ, ಬಿದ್ದದ್ದನ್ನು ಹೆಕ್ಕಿ ಕೊಡಿ

ಮೊದಲ ಶನಿವಾರ ನಾವು ಉಡುಪಿ ಹತ್ತಿರದ ಕಟಪಾಡಿ ಬದಿಯ ವೃದ್ಧಾಶ್ರಮಕ್ಕೆ ಒಯ್ದ ರೋಬೋಟ್ ಎಂದರೆ ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ. ಅಡಿಯಲ್ಲಿ ಚಕ್ರ, ಒಳಗೆ ಕುಕ್ಕರಗಾಲಿನಲ್ಲಿ ಕುಳಿತ ನನ್ನ ವಿದ್ಯಾರ್ಥಿ. ಯಂತ್ರ ಕಟ್ಟುವ ಮೊದಲೇ ಅದರ ಜೊತೆ ಬಾಳಬೇಕಾದವರ ಮುಂದೆ ಹೀಗೆ ನಾಟಕವಾಡಿ ನೋಡುವುದು ನಾನು ಪಾಠ ಮಾಡುವ ರೋಬೋಟ್ ವಿಷಯದಲ್ಲಿ ಹಳೆಯ ಪದ್ಧತಿ. ತಪ್ಪಿದರೆ ರಟ್ಟು ಹರಿಯುತ್ತದೆ, ಮೋಟಾರಿನ ದುಡ್ಡು ಉಳಿಯುತ್ತದೆ.

ಹಾಸಿಗೆ ಹಿಡಿದವರಿಗೆ ನೀರು ತಂದುಕೊಡುವ ರೋಬೋಟ್ ಎಂದು ನಮ್ಮ ಯೋಜನೆಯಲ್ಲಿ ಬರೆದಿದ್ದೆವು. ಪೆಟ್ಟಿಗೆಯೊಳಗಿಂದ ಕೈಯೊಂದು ಲೋಟ ಚಾಚಿದಾಗ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಕಿಟಕಿ ಬದಿಯ ಮಂಚದ ಅಮ್ಮ ಮಾತ್ರ ಲೋಟ ಮುಟ್ಟಲಿಲ್ಲ. "ಬೊಡ್ಚಿ" (ಬೇಡ) ಎಂದರು. ಕೆದಕಿ ಕೇಳಿದ ಮೇಲೆ ತುಳುವಿನಲ್ಲಿ ಹೇಳಿದ್ದರ ಸಾರ ಇಷ್ಟು: ನೀರು ಕೊಡಲು ಬರುವ ಹುಡುಗಿ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರುತ್ತಾಳೆ. ಅವಳ ಮನೆಯ ದನ ಕರು ಹಾಕಿದ್ದು ಗೊತ್ತಾಗುವುದು ಆಗಲೇ. ಪೆಟ್ಟಿಗೆ ನೀರು ತಂದರೆ ಅವಳೇಕೆ ಬರುತ್ತಾಳೆ?

ಯೋಜನೆಯ ಮೊದಲ ಪುಟ ಅಲ್ಲಿಗೆ ಮುಗಿಯಿತು.

ಮುಂದಿನ ವಾರ ಪ್ರಶ್ನೆಯನ್ನು ತಿರುಗಿಸಿದೆವು: ಯಾವುದನ್ನು ಕೇಳಲು ನಿಮಗೆ ಸಂಕೋಚ? ಉತ್ತರ ತಡವಾಗಲಿಲ್ಲ. ಕೈತಪ್ಪಿ ಬಿದ್ದದ್ದನ್ನು ಎತ್ತಿಕೊಡಿ ಎನ್ನಲು. ಕನ್ನಡಕ, ಜಪಸರ, ಮಾತ್ರೆ, ಟಿವಿ ರಿಮೋಟ್. ದಿನಕ್ಕೆ ಹತ್ತು ಸಲ ಬೀಳುತ್ತದೆ, ಹತ್ತನೆಯ ಸಲ ಕರೆದಾಗ ಬರುವ ಮುಖವೇ ಬೇರೆ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಚಾರ್ಲಿ ಕೆಂಪ್ ಅವರ ತಂಡ 2008ರಲ್ಲಿ ತೋರಿಸಿದ ಎಲ್-ಇ ರೋಬೋಟ್ ಮಾಡುತ್ತಿದ್ದದ್ದೂ ಇದನ್ನೇ: ಲೇಸರ್ ಚುಕ್ಕಿ ಬಿಟ್ಟಲ್ಲಿಗೆ ಹೋಗಿ ವಸ್ತುವನ್ನು ಹೆಕ್ಕಿ ತರುವುದು. ನಾನು ಅದನ್ನು ತರಗತಿಯಲ್ಲಿ ಪಾಠ ಮಾಡಿದ್ದೇನೆ. ಮಾಡಿಯೂ ಲೋಟ ಹಿಡಿದುಕೊಂಡು ಹೋಗಿದ್ದೆ.

ಹೆಕ್ಕುವ ಕೆಲಸವೇ ನಮ್ಮನ್ನು ಹೆಚ್ಚು ಸತಾಯಿಸಿದ್ದು. ಅಲ್ಲಿನದು ಹಳೆಯ ಕೆಂಪು ರೆಡ್ ಆಕ್ಸೈಡ್ ನೆಲ, ತಲೆಮಾರುಗಳ ಪಾದ ಸವೆಸಿದ ನುಣುಪು. ನಾವು ಕಟ್ಟಿದ ರೋಬೋಟಿನ ಇಕ್ಕಳದ ಎರಡು ಬೆರಳೂ ಒಂದೇ ಹೊತ್ತಿಗೆ ಬಂದು ಮಾತ್ರೆಯ ಪಟ್ಟಿಯನ್ನು ಹಿಡಿಯುವ ಬದಲು ಮಂಚದಡಿಗೆ ತಳ್ಳುತ್ತಿದ್ದವು. ನಲವತ್ತು ವರ್ಷ ಬೀಡಿ ಕಟ್ಟಿದ ಇನ್ನೊಬ್ಬ ಅಮ್ಮ ಈ ಫಜೀತಿಯನ್ನು ಸ್ವಲ್ಪ ಹೊತ್ತು ನೋಡಿದರು. ಪಟ್ಟಿಯನ್ನು ಕೇಳಿ ಪಡೆದು ಸ್ಟೂಲಿನ ಮೇಲೆ ಹಾಕಿದರು. ಹೆಬ್ಬೆರಳಿನಿಂದ ಈಚೆಯ ಅಂಚನ್ನು ಒತ್ತಿದರು. ಗುಳ್ಳೆಗಳ ಮೇಲೆ ನಿಂತಿದ್ದ ಪಟ್ಟಿ ತಕ್ಕಡಿಯಂತೆ ವಾಲಿ ಆಚೆಯ ಅಂಚು ಎದ್ದಿತು, ಆ ಸಂದಿಗೆ ತೋರುಬೆರಳಿನ ಉಗುರು ನುಗ್ಗಿತು. ನೋಡುತ್ತಿದ್ದ ನಾಲ್ವರು ಭಾವೀ ಎಂಜಿನಿಯರುಗಳು "ಇನ್ನೊಮ್ಮೆ ಮಾಡಿ" ಎಂದು ಮೊಬೈಲ್ ತೆಗೆದರು. ಈಗ ನಮ್ಮ ಇಕ್ಕಳದ ಒಂದು ಬೆರಳು ರಬ್ಬರಿನದು, ಮೊದಲು ಇಳಿದು ಒತ್ತುತ್ತದೆ. ಇನ್ನೊಂದಕ್ಕೆ ಸ್ಟೀಲಿನ ತೆಳು ಉಗುರು, ಅದು ಅರ್ಧ ಸೆಕೆಂಡ್ ತಡವಾಗಿ ಬರುತ್ತದೆ. ಹತ್ತಕ್ಕೆ ಏಳು ಸಲ ಎತ್ತುತ್ತದೆ. ಅಮ್ಮನದು ಹತ್ತಕ್ಕೆ ಹತ್ತು.

ಮಾತಿನಿಂದ ಆಜ್ಞೆ ಕೊಡುವ ವ್ಯವಸ್ಥೆಯನ್ನು ಕೈಬಿಟ್ಟೆವು. ಒಂದೇ ವಾಕ್ಯದಲ್ಲಿ ತುಳು, ಕೊಂಕಣಿ, ಕನ್ನಡ ಹರಿಸುವವರ ಮಾತಿನ ತಲೆಬುಡ ಅದಕ್ಕೆ ತಿಳಿಯಲಿಲ್ಲ. ಲೇಸರ್ ಚುಕ್ಕಿ ನಡುಗುವ ಕೈಯಲ್ಲಿ ಗೋಡೆಯಿಡೀ ಕುಣಿಯಿತು. ಸದ್ಯ ಅದನ್ನು ಊರುಗೋಲಿಗೆ ಕಟ್ಟಿದ್ದೇವೆ, ಗೋಲು ನೆಲಕ್ಕೂರಿದಾಗ ಸ್ವಲ್ಪ ಪರವಾಗಿಲ್ಲ.

ವಿದ್ಯಾರ್ಥಿಗಳು ಆಸೆಯಿಂದ ಅಂಟಿಸಿದ್ದ ಕಣ್ಣುಗಳೂ ಹೋದವು. "ರಾತ್ರಿ ಮೂಲೆಯಲ್ಲಿ ನಿಂತು ಕಣ್ಣು ಬಿಟ್ಟರೆ ದೈವಕ್ಕೆ ಬಡಿಸಿದ ಹಾಗೆ ಇದಕ್ಕೂ ಅಗೆಲು ಬಡಿಸಬೇಕಾದೀತು" ಎಂದರು ನಿವೃತ್ತ ಬಸ್ ಕಂಡಕ್ಟರ್. ನಾನು ಸೋಲದೆ ಜಪಾನಿನ ಪಾರೋ ಎಂಬ ಸಾಕುಪ್ರಾಣಿ ರೋಬೋಟಿನ ವಿಡಿಯೋ ತೋರಿಸಿದೆ. ತಕನೋರಿ ಶಿಬಾತಾ ರೂಪಿಸಿದ ಬಿಳಿ ಸೀಲ್ ಎಂಬ ಕಡಲಪ್ರಾಣಿಯ ಮರಿ, ದೊಡ್ಡ ಕಣ್ಣು, ಸುಮಾರು 2.7 ಕಿಲೋ ತೂಕ. ಬೆಕ್ಕು ನಾಯಿಯಾದರೆ ಜನ ನಿಜವಾದದ್ದಕ್ಕೆ ಹೋಲಿಸಿ ತಪ್ಪು ಹುಡುಕುತ್ತಾರೆ, ಸೀಲ್ ಸಾಕಿದವರು ಯಾರೂ ಇಲ್ಲ ಎಂಬುದು ಅವರ ಲೆಕ್ಕಾಚಾರ ಎಂದು ವಿವರಿಸಿದೆ. ಕಂಡಕ್ಟರ್ ಕೊನೆಯವರೆಗೂ ನೋಡಿದರು. "ಮಲ್ಪೆಯಲ್ಲಿ ಈ ಮೀನು ಸಿಗುವುದಿಲ್ಲ" ಎಂದಷ್ಟೇ ಹೇಳಿ ಪೇಪರ್ ಬಿಡಿಸಿದರು.

ಹಣ ಕೊಟ್ಟವರಿಂದ ಕಳೆದ ವಾರ ಪತ್ರ ಬಂದಿದೆ. ಪ್ರಚಾರದ ವಿಡಿಯೋದಲ್ಲಿ ರೋಬೋಟ್ ನೀರಿನ ಲೋಟ ಕೊಡುವ ದೃಶ್ಯ ಬೇಕಂತೆ. ನೆಲದಿಂದ ಮಾತ್ರೆ ಹೆಕ್ಕುವುದು ನೋಡಲು ಚೆನ್ನಾಗಿರುವುದಿಲ್ಲವಂತೆ. ಹಿಂಜರಿಯುತ್ತಲೇ ಕಿಟಕಿ ಬದಿಯ ಅಮ್ಮನನ್ನು ಕೇಳಿದೆ.

"ಒಂದು ಸಲಕ್ಕೆ ಅಡ್ಡಿಯಿಲ್ಲ" ಎಂದರು. "ಆ ಹುಡುಗಿ ರಜೆಯಲ್ಲಿರುವ ದಿನ ಬನ್ನಿ."